ದುಬೈನಲ್ಲಿ ಮಗುವಿಗೆ ಅಮೆರಿಕನ್ ಶಾಲೆ: ಸೇರಿಸುವ ಮುಂಚೆ ಏನು ನೋಡಬೇಕು, ಏನು ಕೇಳಬೇಕು

ದುಬೈಗೆ ಸಂಸಾರ ಸಮೇತ ಬಂದವರಿಗೆ ಮನೆ ಹುಡುಕುವುದಕ್ಕಿಂತ ದೊಡ್ಡ ತಲೆನೋವು ಶಾಲೆ ಹುಡುಕುವುದು. ಮನೆ ಹಿಡಿಸದಿದ್ದರೆ ವರ್ಷದ ಕರಾರು ಮುಗಿದ ಮೇಲೆ ಬದಲಾಯಿಸಬಹುದು. ಶಾಲೆಯ ಆಯ್ಕೆ ಹತ್ತು ಹನ್ನೆರಡು ವರ್ಷ ಬೆನ್ನಿಗೆ ಬರುತ್ತದೆ. ಮಂಗಳೂರು, ಉಡುಪಿ, ಭಟ್ಕಳ, ಬೆಂಗಳೂರಿನಿಂದ ಬಂದವರಲ್ಲಿ ಬಹಳ ಜನ ಸಿಬಿಎಸ್‌ಇ ಶಾಲೆಯನ್ನೇ ಆರಿಸುತ್ತಾರೆ. ಅದರಲ್ಲಿ ತಪ್ಪೇನಿಲ್ಲ. ಆದರೆ ಕೆಲವರಿಗೆ ಅಮೆರಿಕನ್ ಶಾಲೆ ನಿಜಕ್ಕೂ ಹೊಂದುತ್ತದೆ. ಮಗು ಮೊದಲೇ ಅಮೆರಿಕದಲ್ಲಿ ಓದಿರಬಹುದು. ಮುಂದೆ ಆ ಕಡೆಗೆ ವರ್ಗವಾಗುವ ಅಂದಾಜಿರಬಹುದು. ಕಂಪನಿಯೇ ಶುಲ್ಕ ಕಟ್ಟುತ್ತಿರಬಹುದು. ಅಥವಾ ಪರೀಕ್ಷೆ ಎಂದರೆ ಬೆವರುವ, ಪ್ರಾಜೆಕ್ಟ್ ಎಂದರೆ ಕಣ್ಣರಳಿಸುವ ಮಗು ನಿಮ್ಮದಿರಬಹುದು.

ಅಂಥವರಿಗಾಗಿ ಇದನ್ನು ಬರೆದಿದ್ದೇನೆ. ನಾನು ಹೇಳುವುದು ಮುಖ್ಯವಾಗಿ ಒಂದೇ ಮಾತು: ಶಾಲೆಯನ್ನು ಕೆಜಿ ಕಡೆಯಿಂದ ನೋಡಬೇಡಿ, 12ನೇ ತರಗತಿಯ ಕಡೆಯಿಂದ ನೋಡಿ. ಬಣ್ಣದ ಕೆಜಿ ಕೋಣೆ ಎಲ್ಲ ಶಾಲೆಯಲ್ಲೂ ಚೆನ್ನಾಗಿಯೇ ಇರುತ್ತದೆ. ವ್ಯತ್ಯಾಸ ಕಾಣುವುದು ಮಗು ಅಲ್ಲಿಂದ ಹೊರಬರುವಾಗ.

ಹೆಜ್ಜೆ 1: 18ನೇ ವಯಸ್ಸಿಗೆ ಮಗು ಯಾವ ದೇಶದ ಕಾಲೇಜಿನಲ್ಲಿರಬಹುದು?

ಇದನ್ನು ಗಂಡ ಹೆಂಡತಿ ಕೂತು ಮೊದಲು ಮಾತಾಡಿಕೊಳ್ಳಿ. ಪಕ್ಕಾ ಉತ್ತರ ಬೇಕಿಲ್ಲ, ಒಂದು ಅಂದಾಜು ಸಾಕು.

ಅಮೆರಿಕ ಅಥವಾ ಕೆನಡಾ ಎಂದಾದರೆ ದಾರಿ ಸಲೀಸು. ಅಮೆರಿಕನ್ ಹೈಸ್ಕೂಲ್ ಎಂದರೆ 9ರಿಂದ 12ನೇ ತರಗತಿ. ಈ ನಾಲ್ಕೂ ವರ್ಷದ ಗ್ರೇಡುಗಳು ಟ್ರಾನ್ಸ್‌ಕ್ರಿಪ್ಟ್ ಎಂಬ ಒಂದೇ ದಾಖಲೆಯಲ್ಲಿ ಸೇರಿ ಕಾಲೇಜಿಗೆ ಹೋಗುತ್ತವೆ. ನಮ್ಮಲ್ಲಿ 12ನೇ ತರಗತಿಯ ಬೋರ್ಡ್ ಪರೀಕ್ಷೆಯಲ್ಲಿ ಕೈ ಹಿಡಿದರೆ ಆಯಿತು ಎನ್ನುವ ಲೆಕ್ಕ ಇದೆ ಅಲ್ವಾ, ಅದು ಇಲ್ಲಿ ನಡೆಯುವುದಿಲ್ಲ. 14 ವರ್ಷದ ಮಗು 9ನೇ ತರಗತಿಯಲ್ಲಿ ತೆಗೆದ ಗ್ರೇಡೂ ಲೆಕ್ಕಕ್ಕೆ ಬರುತ್ತದೆ.

ಇಂಗ್ಲೆಂಡ್ ಎಂದಾದರೆ ಬರಿಯ ಹೈಸ್ಕೂಲ್ ಡಿಪ್ಲೊಮಾ, ಅಂದರೆ 12 ಮುಗಿಸಿದ್ದಕ್ಕೆ ಅಮೆರಿಕನ್ ಶಾಲೆ ಕೊಡುವ ಪ್ರಮಾಣಪತ್ರ, ಸಾಮಾನ್ಯವಾಗಿ ಸಾಲುವುದಿಲ್ಲ. ಅಲ್ಲಿನ ಒಳ್ಳೆಯ ವಿಶ್ವವಿದ್ಯಾಲಯಗಳು ಅದರ ಜೊತೆಗೆ ಎಪಿ ಪರೀಕ್ಷೆಗಳಲ್ಲಿ ಒಳ್ಳೆಯ ಅಂಕ ಕೇಳುತ್ತವೆ. ಎಪಿ ಎಂದರೆ ಅಡ್ವಾನ್ಸ್ಡ್ ಪ್ಲೇಸ್‌ಮೆಂಟ್. ಹೈಸ್ಕೂಲಿನಲ್ಲೇ ಕಾಲೇಜು ಮಟ್ಟದ ಪಾಠ, ಮೇ ತಿಂಗಳಲ್ಲಿ ಕಾಲೇಜ್ ಬೋರ್ಡ್ ಎಂಬ ಅಮೆರಿಕದ ಸಂಸ್ಥೆ ನಡೆಸುವ ಪರೀಕ್ಷೆ, 1ರಿಂದ 5ರವರೆಗೆ ಅಂಕ.

ಭಾರತ ಎಂದಾದರೆ ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ನಮ್ಮವರು ಎಡವುವುದು ಇಲ್ಲೇ. ಅನೇಕ ಅಮೆರಿಕನ್ ಶಾಲೆಗಳಲ್ಲಿ 9ಕ್ಕೆ ಜೀವಶಾಸ್ತ್ರ, 10ಕ್ಕೆ ರಸಾಯನಶಾಸ್ತ್ರ, 11ಕ್ಕೆ ಭೌತಶಾಸ್ತ್ರ, ಹೀಗೆ ವರ್ಷಕ್ಕೊಂದು ವಿಜ್ಞಾನ. ಆದರೆ ನೀಟ್ ಬರೆದು ವೈದ್ಯಕೀಯ ಸೇರಬೇಕೆಂದರೆ 12ನೇ ಹಂತದಲ್ಲಿ ಭೌತ, ರಸಾಯನ, ಜೀವ ಮೂರೂ ವಿಷಯ ಓದಿರಬೇಕು. ಹಾಗಾಗಿ ಕೊನೆಯ ಎರಡು ವರ್ಷದಲ್ಲಿ ಈ ಮೂರನ್ನೂ ಮೇಲ್ಮಟ್ಟದಲ್ಲಿ ಒಟ್ಟಿಗೆ ತೆಗೆದುಕೊಳ್ಳಲು ಶಾಲೆಯ ಟೈಮ್‌ಟೇಬಲ್ ಬಿಡುತ್ತದಾ ಎಂದು ಕೇಳಿ. ಇದರ ಮೇಲೆ ಭಾರತೀಯ ವಿಶ್ವವಿದ್ಯಾಲಯಗಳ ಒಕ್ಕೂಟ, ಅಂದರೆ ಎಐಯು ಕೊಡುವ ತತ್ಸಮಾನ ಪ್ರಮಾಣಪತ್ರವೂ ಬೇಕಾಗುತ್ತದೆ.

ಎಂಜಿನಿಯರಿಂಗ್‌ಗೆ ಡಾಸಾ ಎಂಬ ಯೋಜನೆ ಇದೆ. ವಿದೇಶದಲ್ಲಿ ಓದಿದ ಮಕ್ಕಳಿಗೆ ಸುರತ್ಕಲ್‌ನ ಎನ್‌ಐಟಿಕೆ ಸೇರಿದಂತೆ ಎನ್‌ಐಟಿಗಳಲ್ಲಿ ಸೀಟು ಸಿಗುವುದು ಇದರಡಿ. ಅದರೊಳಗೇ ಗಲ್ಫ್‌ನಲ್ಲಿ ಕೆಲಸ ಮಾಡುವ ಭಾರತೀಯರ ಮಕ್ಕಳಿಗೆ ಸಿಐಡಬ್ಲ್ಯುಜಿ ಎಂಬ ವರ್ಗವಿದೆ. ಅದರಲ್ಲಿ ಸೀಟು ಸಿಕ್ಕರೆ ಶುಲ್ಕ ಭಾರತದಲ್ಲೇ ಓದಿದ ಮಕ್ಕಳಷ್ಟೇ. ಮುಂಚೆ ಡಾಸಾಕ್ಕೆ ಸ್ಯಾಟ್ ಎಂಬ ಅಮೆರಿಕದ ಕಾಲೇಜು ಪ್ರವೇಶ ಪರೀಕ್ಷೆಯ ವಿಷಯವಾರು ಅಂಕ ನೋಡುತ್ತಿದ್ದರು. ಆ ವಿಷಯವಾರು ಪರೀಕ್ಷೆಯನ್ನೇ 2021ರಲ್ಲಿ ನಿಲ್ಲಿಸಲಾಯಿತು. ಈಗ ಜೆಇಇ ಮೇನ್ ರ‍್ಯಾಂಕ್ ಬೇಕು. ಅಂದರೆ ಅಮೆರಿಕನ್ ಶಾಲೆಯಲ್ಲಿದ್ದರೂ ಜೆಇಇ ತಯಾರಿ ಬೇರೆಯಾಗಿ ಮಾಡಿಸಬೇಕು. ಮಗುವಿನ ಮೇಲೆ ಎರಡು ಹೊರೆ ಬೀಳುತ್ತದೆ. ಭಾರತದಲ್ಲೇ ಎಂಜಿನಿಯರಿಂಗ್ ಅಥವಾ ವೈದ್ಯಕೀಯ ಎಂದು ಮನಸ್ಸು ಗಟ್ಟಿಯಾಗಿದ್ದರೆ ಸಿಬಿಎಸ್‌ಇಯೇ ಒಳ್ಳೆಯದು ಎಂದು ನಾನು ನೇರವಾಗಿ ಹೇಳುತ್ತೇನೆ. ಜಾಸ್ತಿ ದುಡ್ಡು ಕೊಟ್ಟು ಕಷ್ಟದ ದಾರಿ ಹಿಡಿಯಬೇಡಿ.

ಹೆಜ್ಜೆ 2: ಯಾವ ಅಮೆರಿಕನ್ ಪಠ್ಯಕ್ರಮ? ಮಾನ್ಯತೆ ಯಾರದ್ದು?

ಅಮೆರಿಕದಲ್ಲಿ ದೇಶಕ್ಕೆಲ್ಲ ಒಂದೇ ಪಠ್ಯಕ್ರಮ ಇಲ್ಲ. ಪ್ರತಿ ರಾಜ್ಯವೂ ತನ್ನದೇ ಮಟ್ಟ ನಿಗದಿ ಮಾಡುತ್ತದೆ. ಆದ್ದರಿಂದ ಶಾಲೆಯವರು ಅಮೆರಿಕನ್ ಪಠ್ಯ ಎಂದಾಗ ಯಾವ ರಾಜ್ಯದ್ದು ಎಂದು ಕೇಳಿ. ಕ್ಯಾಲಿಫೋರ್ನಿಯಾ, ಮ್ಯಾಸಚೂಸೆಟ್ಸ್, ಇಂಗ್ಲಿಷ್ ಮತ್ತು ಗಣಿತಕ್ಕೆ ಹಲವು ರಾಜ್ಯಗಳು ಒಪ್ಪಿಕೊಂಡ ಕಾಮನ್ ಕೋರ್, ವಿಜ್ಞಾನಕ್ಕೆ ನೆಕ್ಸ್ಟ್ ಜನರೇಷನ್ ಮಟ್ಟಗಳು, ಹೀಗೆ ಸ್ಪಷ್ಟ ಉತ್ತರ ಬರಬೇಕು. ತಡಬಡಾಯಿಸಿದರೆ ಅದೇ ಉತ್ತರ ಎಂದುಕೊಳ್ಳಿ.

ಶಾಲೆಯ ಹೆಸರಿನಲ್ಲಿ ಅಮೆರಿಕನ್ ಎಂದು ಇದ್ದ ಮಾತ್ರಕ್ಕೆ ಅಮೆರಿಕ ಸರ್ಕಾರ ಅದನ್ನು ನಡೆಸುವುದಿಲ್ಲ. ನಿಜವಾದ ಗುರುತು ಮಾನ್ಯತೆ. ಎನ್‌ಇಎಎಸ್‌ಸಿ, ಮಿಡಲ್ ಸ್ಟೇಟ್ಸ್ ಅಸೋಸಿಯೇಷನ್, ಎಸಿಎಸ್ ವಾಸ್ಕ್, ಕಾಗ್ನಿಯಾ: ಈ ಅಮೆರಿಕನ್ ಸಂಸ್ಥೆಗಳಲ್ಲಿ ಒಂದರ ಮಾನ್ಯತೆ ಇರಲೇಬೇಕು. ಶಾಲೆಯ ಗೋಡೆಯ ಮೇಲಿನ ಲಾಂಛನ ನೋಡಿ ಸುಮ್ನೆ ನಂಬಬೇಡಿ. ಆ ಸಂಸ್ಥೆಯ ಜಾಲತಾಣಕ್ಕೇ ಹೋಗಿ ಶಾಲೆಯ ಹೆಸರು ಹುಡುಕಿ. ಅಲ್ಲಿ ಮಾನ್ಯತೆ ಪಡೆದ ಶಾಲೆ ಎಂದಿದೆಯೋ, ಇನ್ನೂ ಅಭ್ಯರ್ಥಿ ಎಂದಿದೆಯೋ ನೋಡಿ. ಅಭ್ಯರ್ಥಿ ಎಂದರೆ ಅರ್ಜಿ ಹಾಕಿದ್ದಾರೆ, ಇನ್ನೂ ಸಿಕ್ಕಿಲ್ಲ ಎಂದು. ಕೆಜಿ ಮಗುವಿಗೆ ಅದು ದೊಡ್ಡ ವಿಷಯವಲ್ಲ. 10ನೇ ತರಗತಿಯ ಮಗುವಿಗೆ ದೊಡ್ಡ ವಿಷಯ, ಯಾಕೆಂದರೆ ಮಾನ್ಯತೆ ಇಲ್ಲದ ಡಿಪ್ಲೊಮಾ ಹಿಡಿದು ಎಐಯು ಮುಂದೆ ಹೋಗುವುದು ಕಷ್ಟ.

ಕೊನೆಯ ಎರಡು ವರ್ಷ ಏನು ಕೊಡುತ್ತಾರೆ ಎನ್ನುವುದೂ ಶಾಲೆಯಿಂದ ಶಾಲೆಗೆ ಬೇರೆ. 1966ರಲ್ಲಿ ಶುರುವಾದ, ಲಾಭಕ್ಕಾಗಿ ನಡೆಯದ ಅಮೆರಿಕನ್ ಸ್ಕೂಲ್ ಆಫ್ ದುಬೈಯಲ್ಲಿ ಎಪಿ ಇದೆ. ಜೆಮ್ಸ್ ದುಬೈ ಅಮೆರಿಕನ್ ಅಕಾಡೆಮಿಯಲ್ಲಿ ಹೈಸ್ಕೂಲ್ ಡಿಪ್ಲೊಮಾ ಜೊತೆ ಐಬಿ, ಅಂದರೆ ಇಂಟರ್‌ನ್ಯಾಷನಲ್ ಬ್ಯಾಕಲೊರಿಯೇಟ್ ಎಂಬ ಅಂತರರಾಷ್ಟ್ರೀಯ ಪಠ್ಯದ ಡಿಪ್ಲೊಮಾ ಮಾಡಬಹುದು. ಎರಡೂ ಇರುವುದು ಅಲ್ ಬರ್ಶಾದಲ್ಲೇ, ಎರಡೂ ಅಮೆರಿಕನ್ ಶಾಲೆಗಳೇ. ಆದರೆ ಒಳಗಿನ ಕೊನೆಯ ಎರಡು ವರ್ಷ ಬೇರೆ ಬೇರೆ. ಐಬಿ ಡಿಪ್ಲೊಮಾವನ್ನು ಭಾರತದಲ್ಲಿ ಎಐಯು ಪ್ಲಸ್ ಟೂಗೆ ಸಮ ಎಂದು ಒಪ್ಪುತ್ತದೆ. ಮಗು ಯಾವ ದೇಶಕ್ಕೆ ಹೋಗಬಹುದೆಂದು ಇನ್ನೂ ಗೊತ್ತಿಲ್ಲದ ಮನೆಯವರಿಗೆ ಐಬಿ ಇರುವ ಶಾಲೆ ಹೆಚ್ಚು ಬಾಗಿಲು ತೆರೆದಿಡುತ್ತದೆ ಎನ್ನುವುದು ನನ್ನ ಲೆಕ್ಕ.

ಹೆಜ್ಜೆ 3: ತಪಾಸಣೆ ವರದಿ ಓದಿ, ಮೊದಲ ಸಾಲಿಗೇ ನಿಲ್ಲಬೇಡಿ

ದುಬೈಯ ಖಾಸಗಿ ಶಾಲೆಗಳ ಮೇಲ್ವಿಚಾರಣೆ ಕೆಎಚ್‌ಡಿಎ ಎಂಬ ಸರ್ಕಾರಿ ಪ್ರಾಧಿಕಾರದ ಕೈಯಲ್ಲಿದೆ. ಅಬುಧಾಬಿಯಲ್ಲಿ ಅಡೆಕ್, ಶಾರ್ಜಾದಲ್ಲಿ ಸ್ಪಿಯಾ. ಕೆಎಚ್‌ಡಿಎ ಶಾಲೆಗಳಿಗೆ ಔಟ್‌ಸ್ಟ್ಯಾಂಡಿಂಗ್, ವೆರಿ ಗುಡ್, ಗುಡ್, ಅಕ್ಸೆಪ್ಟಬಲ್, ವೀಕ್, ವೆರಿ ವೀಕ್ ಎಂದು ಆರು ದರ್ಜೆ ಕೊಡುತ್ತದೆ. ವರದಿಗಳು ಅದರ ಜಾಲತಾಣದಲ್ಲಿ ಎಲ್ಲರಿಗೂ ಓದಲು ಸಿಗುತ್ತವೆ.

ಮೊದಲು ವರದಿಯ ವರ್ಷ ನೋಡಿ. 2024-25ರಲ್ಲಿ ಕೆಎಚ್‌ಡಿಎ ಪೂರ್ಣ ತಪಾಸಣೆಗಳನ್ನು ಹೊಸ ಶಾಲೆಗಳಿಗಷ್ಟೇ ಇಟ್ಟುಕೊಂಡು ಉಳಿದವಕ್ಕೆ ನಿಲ್ಲಿಸಿತ್ತು. ಹಾಗಾಗಿ ಜಾಹೀರಾತಿನಲ್ಲಿ ಮಿಂಚುವ ದರ್ಜೆ ಹಳೆಯದಿರಬಹುದು. ಅಷ್ಟರಲ್ಲಿ ಪ್ರಿನ್ಸಿಪಾಲರು ಬದಲಾಗಿದ್ದರೆ ಶಾಲೆಯೂ ಬದಲಾಗಿರುತ್ತದೆ.

ಆಮೇಲೆ ನಿಮ್ಮ ಮಗುವಿನ ಹಂತಕ್ಕೆ ಹೋಗಿ. ವರದಿಯಲ್ಲಿ ಕೆಜಿ, ಎಲಿಮೆಂಟರಿ, ಮಿಡಲ್, ಹೈ ಎಂದು ನಾಲ್ಕು ಹಂತಕ್ಕೂ ಬೇರೆ ಬೇರೆ ದರ್ಜೆ ಇರುತ್ತದೆ, ಅದೂ ವಿಷಯವಾರು. ಒಟ್ಟಾರೆ ಗುಡ್ ಎನಿಸಿಕೊಂಡ ಶಾಲೆಯ ಹೈಸ್ಕೂಲ್ ಗಣಿತ ಅಕ್ಸೆಪ್ಟಬಲ್ ಇರಬಹುದು. ಪ್ರತಿ ವಿಷಯಕ್ಕೂ ಎರಡು ಅಂಕಣ: ಮಕ್ಕಳು ಈಗ ಯಾವ ಮಟ್ಟದಲ್ಲಿದ್ದಾರೆ, ಮತ್ತು ಶುರು ಮಾಡಿದ ಜಾಗದಿಂದ ಎಷ್ಟು ಮುಂದೆ ಬಂದಿದ್ದಾರೆ. ಎರಡನೆಯದನ್ನು ಜಾಸ್ತಿ ನಂಬಿ. ಬುದ್ಧಿವಂತರನ್ನೇ ಆರಿಸಿಕೊಂಡ ಶಾಲೆಗೆ ಮೊದಲನೆಯದು ಸುಲಭವಾಗಿ ಸಿಗುತ್ತದೆ. ಎರಡನೆಯದಕ್ಕೆ ಪಾಠವೇ ಚೆನ್ನಾಗಿರಬೇಕು.

ಇಲ್ಲಿನ ಅಮೆರಿಕನ್ ಶಾಲೆಗಳಲ್ಲಿ ಮ್ಯಾಪ್ ಎಂಬ ಕಂಪ್ಯೂಟರ್ ಪರೀಕ್ಷೆ ವರ್ಷದಲ್ಲಿ ಎರಡು ಮೂರು ಸಲ ನಡೆಯುತ್ತದೆ. ಮಗು ಉತ್ತರಿಸಿದ ಹಾಗೆ ಪ್ರಶ್ನೆ ಕಷ್ಟವಾಗುತ್ತಾ ಅಥವಾ ಸುಲಭವಾಗುತ್ತಾ ಹೋಗುತ್ತದೆ. ಅಮೆರಿಕದ ಅದೇ ತರಗತಿಯ ಮಕ್ಕಳ ಜೊತೆ ಹೋಲಿಸಿ ಪರ್ಸೆಂಟೈಲ್, ಅಂದರೆ ನೂರರಲ್ಲಿ ಎಷ್ಟು ಮಕ್ಕಳಿಗಿಂತ ಮುಂದಿದೆ ಎಂಬ ಅಂಕಿ ಕೊಡುತ್ತಾರೆ. ನಿಮ್ಮ ಮಗು ಸೇರುವ ತರಗತಿಯ ಮಧ್ಯದ ಪರ್ಸೆಂಟೈಲ್ ಎಷ್ಟು ಎಂದು ಪ್ರವೇಶ ವಿಭಾಗದಲ್ಲಿ ಕೇಳಿ. ಇದು ಗುಟ್ಟಿನ ವಿಷಯವೇನಲ್ಲ.

ಹೆಜ್ಜೆ 4: ಸ್ಕೂಲ್ ಪ್ರೊಫೈಲ್ ಕೇಳಿ ತೆಗೆದುಕೊಳ್ಳಿ

ಬಹಳ ಪೋಷಕರಿಗೆ ಇದು ಗೊತ್ತೇ ಇರುವುದಿಲ್ಲ. ಅಮೆರಿಕನ್ ಶಾಲೆಯವರು ಕಾಲೇಜುಗಳಿಗೆ ಮಗುವಿನ ಟ್ರಾನ್ಸ್‌ಕ್ರಿಪ್ಟ್ ಕಳಿಸುವಾಗ ಶಾಲೆಯ ಬಗ್ಗೆ ಒಂದೆರಡು ಪುಟದ ಮಾಹಿತಿಯನ್ನೂ ಕಳಿಸುತ್ತಾರೆ. ಅದೇ ಸ್ಕೂಲ್ ಪ್ರೊಫೈಲ್. ಪೋಷಕರಿಗೆ ಕೊಡುವ ಹೊಳಪಿನ ಪುಸ್ತಕ ಮಾರಾಟಕ್ಕೆ ಮಾಡಿದ್ದು, ಪ್ರೊಫೈಲ್ ಮಾಡಿದ್ದು ಕಾಲೇಜಿನವರು ಲೆಕ್ಕ ಹಾಕಲು. ಅದಕ್ಕೇ ಅದರಲ್ಲಿ ಹುರುಳಿರುತ್ತದೆ.

ಮೇಜಿನ ಮೇಲೆ ಹರಡಿ ಹೀಗೆ ಓದಿ. ಮೊದಲು 12ನೇ ತರಗತಿಯಲ್ಲಿ ಎಷ್ಟು ಮಕ್ಕಳಿದ್ದಾರೆ ನೋಡಿ. ಮೂವತ್ತೇ ಮಕ್ಕಳಿದ್ದರೆ ವಿಷಯಗಳ ಆಯ್ಕೆ ಕಡಿಮೆ ಎಂದು ತಿಳಿಯಿರಿ. ನಂತರ ಎಪಿ ಪಟ್ಟಿ. ಹದಿನೈದು ವಿಷಯ ಅಚ್ಚಾಗಿದ್ದರೂ ಸಾಕಷ್ಟು ಮಕ್ಕಳು ಸೇರದಿದ್ದರೆ ಆ ವರ್ಷ ತರಗತಿ ನಡೆಸುವುದಿಲ್ಲ. ಎಪಿ ಕೆಮಿಸ್ಟ್ರಿ ಮತ್ತು ಎಪಿ ಬಯಾಲಜಿ ಒಂದೇ ಪೀರಿಯಡ್‌ಗೆ ಬಿದ್ದರೆ ಎರಡೂ ಓದಲಾಗುವುದಿಲ್ಲ. ಈ ವರ್ಷ ನಿಜವಾಗಿ ನಡೆದ ಎಪಿ ತರಗತಿಗಳು ಯಾವುವು, ಒಂದೊಂದರಲ್ಲಿ ಎಷ್ಟು ಮಕ್ಕಳು ಎಂದು ಕೇಳಿ. ಆಮೇಲೆ ಎಪಿ ಅಂಕಗಳು: 3 ಮತ್ತು ಮೇಲೆ ಎಷ್ಟು ಮಂದಿ, 5 ಎಷ್ಟು ಮಂದಿ. ತರಗತಿಯಲ್ಲಿ ಎಲ್ಲರಿಗೂ ಎ ಗ್ರೇಡ್ ಇದ್ದು ಎಪಿ ಪರೀಕ್ಷೆಯಲ್ಲಿ ಹೆಚ್ಚಿನವರಿಗೆ 2 ಬಂದಿದ್ದರೆ ಆ ಶಾಲೆ ಗ್ರೇಡುಗಳನ್ನು ಧಾರಾಳವಾಗಿ ಹಂಚುತ್ತಿದೆ. ಕಾಲೇಜಿನವರಿಗೆ ಅದು ಕೂಡಲೇ ಗೊತ್ತಾಗುತ್ತದೆ.

ಕೊನೆಯಲ್ಲಿ ಕಾಲೇಜುಗಳ ಪಟ್ಟಿ ಇರುತ್ತದೆ. ಇಲ್ಲಿ ಹುಷಾರು. ಪ್ರವೇಶ ಸಿಕ್ಕ ಕಾಲೇಜುಗಳು ಬೇರೆ, ಮಕ್ಕಳು ನಿಜವಾಗಿ ಸೇರಿದ ಕಾಲೇಜುಗಳು ಬೇರೆ. ಒಬ್ಬಳೇ ಜಾಣ ಹುಡುಗಿಗೆ ಹತ್ತು ಕಡೆ ಪ್ರವೇಶ ಸಿಕ್ಕರೆ ಪಟ್ಟಿಯಲ್ಲಿ ಹತ್ತು ಹೆಸರು ಬರುತ್ತದೆ. ಸೇರಿದವರ ಪಟ್ಟಿಯನ್ನೇ ಕೇಳಿ.

ಕಾಲೇಜು ಕೌನ್ಸೆಲರ್ ಒಬ್ಬರ ಕೈಕೆಳಗೆ ಎಷ್ಟು ಮಕ್ಕಳು ಎನ್ನುವುದೂ ಮುಖ್ಯ. ಅಮೆರಿಕದ ಶಾಲಾ ಕೌನ್ಸೆಲರ್‌ಗಳ ಸಂಘ 250 ಮಕ್ಕಳಿಗೆ ಒಬ್ಬರಿರಲಿ ಎನ್ನುತ್ತದೆ. ಇಷ್ಟು ಶುಲ್ಕ ಕೊಡುವಾಗ ಅದಕ್ಕಿಂತ ಚೆನ್ನಾಗಿರಬೇಕು ಎಂದು ನಿರೀಕ್ಷಿಸುವುದರಲ್ಲಿ ತಪ್ಪಿಲ್ಲ. ಆ ಕೌನ್ಸೆಲರ್‌ಗೆ ನೀಟ್, ಜೆಇಇ, ಎಐಯು ಎಂದರೆ ಗೊತ್ತಾ ಎಂದೂ ಕೇಳಿ ನೋಡಿ.

ಹೆಜ್ಜೆ 5: ಗಣಿತದ ಏಣಿ

ಇದಕ್ಕೆ ಪ್ರತ್ಯೇಕ ಹೆಜ್ಜೆ ಕೊಟ್ಟಿದ್ದೇನೆ, ಯಾಕೆಂದರೆ ನಿರ್ಧಾರ ಆಗುವುದು 6-7ನೇ ತರಗತಿಯಲ್ಲಿ, ಪರಿಣಾಮ ಕಾಣುವುದು 12ರಲ್ಲಿ. ಅಮೆರಿಕನ್ ಶಾಲೆಯಲ್ಲಿ ಗಣಿತ ಒಂದೊಂದು ವರ್ಷಕ್ಕೆ ಒಂದೊಂದು ಕೋರ್ಸ್: ಆಲ್ಜೀಬ್ರಾ 1, ಜ್ಯಾಮಿತಿ, ಆಲ್ಜೀಬ್ರಾ 2, ಪ್ರಿ-ಕ್ಯಾಲ್ಕುಲಸ್, ಕ್ಯಾಲ್ಕುಲಸ್. 8ರಲ್ಲಿ ಆಲ್ಜೀಬ್ರಾ 1 ಮುಗಿಸಿದ ಮಗು 12ರಲ್ಲಿ ಎಪಿ ಕ್ಯಾಲ್ಕುಲಸ್ ತಲುಪುತ್ತದೆ. 9ರಲ್ಲಿ ಶುರು ಮಾಡಿದ ಮಗು ಪ್ರಿ-ಕ್ಯಾಲ್ಕುಲಸ್‌ನಲ್ಲೇ ಶಾಲೆ ಮುಗಿಸುತ್ತದೆ. ಎಂಜಿನಿಯರಿಂಗ್ ಕಡೆ ಹೋಗುವವರಿಗೆ ಇದು ದೊಡ್ಡ ಕೊರತೆ.

ಭಾರತದಿಂದ ಬರುವ ಮಕ್ಕಳು ಗಣಿತದಲ್ಲಿ ಎಷ್ಟೋ ಸಲ ಒಂದು ಹೆಜ್ಜೆ ಮುಂದಿರುತ್ತಾರೆ. ಆದರೂ ಶಾಲೆಯವರು ವಯಸ್ಸು ನೋಡಿ ಸಾಮಾನ್ಯ ಗುಂಪಿಗೆ ಹಾಕಿಬಿಡುತ್ತಾರೆ. ಸೇರಿಸುವಾಗಲೇ ಪ್ಲೇಸ್‌ಮೆಂಟ್ ಟೆಸ್ಟ್ ಕೇಳಿ.

ಹೆಜ್ಜೆ 6: ದುಡ್ಡಿನ ಲೆಕ್ಕ

ದುಬೈಯಲ್ಲಿ ಅಮೆರಿಕನ್ ಶಾಲೆಗಳ ಶುಲ್ಕ ಬಹಳ ಅಗಲಕ್ಕೆ ಹರಡಿದೆ. ವರ್ಷಕ್ಕೆ 20-25 ಸಾವಿರ ದಿರಾಮ್‌ನವೂ ಇವೆ, ಮೇಲಿನ ತರಗತಿಗಳಲ್ಲಿ ಒಂದು ಲಕ್ಷದ ಹತ್ತಿರ ಹೋಗುವವೂ ಇವೆ. ಕೆಎಚ್‌ಡಿಎ ಜಾಲತಾಣದಲ್ಲಿ ಪ್ರತಿ ಶಾಲೆಯ ಶುಲ್ಕದ ಫ್ಯಾಕ್ಟ್ ಶೀಟ್ ಇದೆ. ಅದರಲ್ಲಿ ಕೆಜಿಯ ಸಾಲನ್ನಷ್ಟೇ ನೋಡಿ ಸಮಾಧಾನ ಪಡಬೇಡಿ, 12ನೇ ತರಗತಿಯ ಸಾಲನ್ನೂ ನೋಡಿ. ಬಸ್, ಯೂನಿಫಾರ್ಮ್, ಲ್ಯಾಪ್‌ಟಾಪ್, ಪ್ರವಾಸ, ಎಪಿ ಪರೀಕ್ಷೆಯ ಶುಲ್ಕ ಇವೆಲ್ಲ ಮೇಲಿಂದ. ಶುಲ್ಕ ಎಷ್ಟು ಏರಿಸಬಹುದು ಎನ್ನುವುದಕ್ಕೆ ಕೆಎಚ್‌ಡಿಎ ಪ್ರತಿ ವರ್ಷ ಮಿತಿ ಹಾಕುತ್ತದೆ. 2025-26ಕ್ಕೆ ಅದು ಶೇ 2.35 ಇತ್ತು.

ಕಂಪನಿ ಶುಲ್ಕ ಕಟ್ಟುತ್ತಿದ್ದರೆ ಒಂದು ಪ್ರಶ್ನೆ ಕೇಳಿಕೊಳ್ಳಿ: ಕೆಲಸ ಬದಲಾದರೆ ನಮ್ಮ ಕೈಯಿಂದ ಈ ಶಾಲೆ ನಡೆಸಬಹುದಾ? ಇಲ್ಲ ಎಂದಾದರೆ, 9ರ ನಂತರ ಮಗುವನ್ನು ಮಧ್ಯದಲ್ಲಿ ಎಬ್ಬಿಸಿ ಬೇರೆ ಪಠ್ಯಕ್ಕೆ ಹಾಕುವ ಸಂಕಟ ಈಗಲೇ ಊಹಿಸಿ. ಕೈಗೆಟುಕುವ ಶಾಲೆಯಲ್ಲಿ ಹನ್ನೆರಡು ವರ್ಷ ನೆಮ್ಮದಿಯಿಂದ ಓದುವುದೇ ಮೇಲು.

ಹೆಜ್ಜೆ 7: ಶಾಲೆಗೆ ಹೋದಾಗ

ಈಜುಕೊಳ, ಆಡಿಟೋರಿಯಂ ಅವರೇ ತೋರಿಸುತ್ತಾರೆ. ನೀವು ಕೇಳಿ ನೋಡಬೇಕಾದ್ದು ಮಕ್ಕಳ ಕೆಲಸ. ಟೀಚರ್ ಗ್ರೇಡ್ ಹಾಕಿ ವಾಪಸ್ ಕೊಟ್ಟ ಒಂದು ಪ್ರಾಜೆಕ್ಟ್, ಅದರ ಜೊತೆಗಿರುವ ರೂಬ್ರಿಕ್ ಹಾಳೆ ಕೇಳಿ. ರೂಬ್ರಿಕ್ ಎಂದರೆ ಒಂದೊಂದು ಸಾಲಿನಲ್ಲಿ ಒಂದೊಂದು ಕೌಶಲ, ಅದರ ಮುಂದೆ 1ರಿಂದ 4ರವರೆಗೆ ಯಾವ ಮಟ್ಟ ಎಂಬ ವಿವರಣೆ. ಟೀಚರ್ ಸುಮ್ಮನೆ ವೃತ್ತ ಹಾಕಿ ಬಿಟ್ಟಿದ್ದಾರಾ, ಅಥವಾ "ನಿನ್ನ ಎರಡನೇ ಕಾರಣಕ್ಕೆ ಆಧಾರ ಕೊಟ್ಟಿಲ್ಲ, ತಿದ್ದಿ ತಾ" ಎಂಬಂಥ ಮಾತು ಬರೆದಿದ್ದಾರಾ ನೋಡಿ. ಅಮೆರಿಕನ್ ಪದ್ಧತಿಯ ಜೀವ ಇರುವುದೇ ಆ ಬರಹದಲ್ಲಿ.

ಎಲಿಮೆಂಟರಿಯ ರಿಪೋರ್ಟ್ ಕಾರ್ಡಿನಲ್ಲಿಯೂ ಹೆಚ್ಚಾಗಿ ಇದೇ 1ರಿಂದ 4. ಊರಿನಿಂದ ಅಜ್ಜಿ ಫೋನ್ ಮಾಡಿ "ಎಷ್ಟು ಮಾರ್ಕ್ಸ್ ಬಂತು ಪುಟ್ಟಾ" ಎಂದಾಗ ಮಗು "ನಾಲ್ಕಕ್ಕೆ ಮೂರು" ಎನ್ನುತ್ತದೆ. ನಮಗೆ ಅದು 75 ಎಂದು ಕೇಳಿಸುತ್ತದೆ. ಹಾಗಲ್ಲ. 3 ಎಂದರೆ ಆ ತರಗತಿಯಲ್ಲಿ ಕಲಿಯಬೇಕಾದ್ದನ್ನು ಮಗು ಕಲಿತಿದೆ ಎಂದರ್ಥ. ಸಂತೋಷಪಡಬೇಕಾದ ಅಂಕ ಅದು.

ಟೀಚರ್‌ಗಳು ಎಷ್ಟು ವರ್ಷ ನಿಲ್ಲುತ್ತಾರೆ ಎಂದೂ ಕೇಳಿ. ಹೋದ ವರ್ಷ ಎಷ್ಟು ಜನ ಬಿಟ್ಟರು ಎಂಬ ಪ್ರಶ್ನೆಗೆ ಒಳ್ಳೆಯ ಶಾಲೆಯವರು ಮುಜುಗರಪಡುವುದಿಲ್ಲ. ಸಾಧ್ಯವಾದರೆ ಶಾಲೆ ಬಿಡುವ ಹೊತ್ತಿಗೆ ಬಸ್ ನಿಲ್ಲುವ ಜಾಗದಲ್ಲಿ ಸ್ವಲ್ಪ ಹೊತ್ತು ನಿಲ್ಲಿ. ಮಕ್ಕಳ ಜೊತೆ ದೊಡ್ಡವರು ಹೇಗೆ ಮಾತಾಡುತ್ತಾರೆ ಎಂದು ಅಲ್ಲಿ ಗೊತ್ತಾಗುತ್ತದೆ. ಅಲ್ಲಿಯೇ ನಿಂತು ಬಸ್ ಪ್ರಯಾಣದ ಲೆಕ್ಕವನ್ನೂ ಹಾಕಿ. ಬಾಡಿಗೆ ಕಡಿಮೆ ಎಂದು ಶಾರ್ಜಾದ ಅಲ್ ನಹ್ದಾದಲ್ಲಿ ಮನೆ ಮಾಡಿ ಅಲ್ ಬರ್ಶಾದ ಶಾಲೆಗೆ ಕಳಿಸಿದರೆ ಆರು ವರ್ಷದ ಮಗು ಕತ್ತಲಲ್ಲೇ ಏಳಬೇಕು.

ಹೆಜ್ಜೆ 8: ಯಾವ ತರಗತಿ, ಯಾವ ತಿಂಗಳು

ಅಮೆರಿಕನ್ ಶಾಲೆಗಳ ವರ್ಷ ಆಗಸ್ಟ್ ಕೊನೆಗೆ ಶುರುವಾಗುತ್ತದೆ. ಊರಿನಲ್ಲಿ ಮಾರ್ಚ್‌ಗೆ 4ನೇ ತರಗತಿ ಮುಗಿಸಿದ ಮಗುವಿಗೆ ಇಲ್ಲಿ ಇನ್ನೂ 4ರ ಕೊನೆಯ ಟರ್ಮ್ ನಡೆಯುತ್ತಿರುತ್ತದೆ. ಸೀಟು ಸಿಕ್ಕರೆ ಆ ಟರ್ಮಿಗೇ ಸೇರಿಸಿ. ಪಾಠ ಗೊತ್ತಿರುವುದೇ ಆದರೂ ಗೆಳೆಯರು ಸಿಗುತ್ತಾರೆ, ಇಂಗ್ಲಿಷ್ ಉಚ್ಚಾರಣೆ ಕಿವಿಗೆ ಹೊಂದುತ್ತದೆ. ಒಂದು ತರಗತಿ ಹಾರಿಸಿ ಎಂದು ಶಾಲೆಯವರನ್ನು ಪೀಡಿಸಬೇಡಿ.

ಇನ್ನೊಂದು ವಿಷಯ: ಯುಎಇಯ ಖಾಸಗಿ ಶಾಲೆಗಳಲ್ಲಿ ಅರಬ್ಬರಲ್ಲದ ಮಕ್ಕಳೂ 9ನೇ ತರಗತಿಯವರೆಗೆ ಅರೇಬಿಕ್ ಓದಲೇಬೇಕು. ಇಂಗ್ಲಿಷ್ ಮತ್ತು ಅರೇಬಿಕ್ ನಡುವೆ ಕನ್ನಡಕ್ಕೆ ಶಾಲೆಯಲ್ಲಿ ಜಾಗ ಸಿಗುವುದಿಲ್ಲ. ಕನ್ನಡ ಮಿತ್ರರು ಬಳಗ ದುಬೈಯಲ್ಲಿ ಕನ್ನಡ ಪಾಠಶಾಲೆ ನಡೆಸುತ್ತಿದೆ, ಮಗುವನ್ನು ಅಲ್ಲಿಗೆ ಖಂಡಿತ ಕರೆದುಕೊಂಡು ಹೋಗಿ. ಇದು ಬರಿಯ ಪ್ರೀತಿಯ ಮಾತಲ್ಲ. 2015ರ ಕಾಯ್ದೆಯ ಪ್ರಕಾರ ಕರ್ನಾಟಕದ ಶಾಲೆಗಳಲ್ಲಿ, ಸಿಬಿಎಸ್‌ಇ ಮತ್ತು ಐಸಿಎಸ್‌ಇ ಶಾಲೆಗಳಲ್ಲೂ, ಕನ್ನಡ ಕಲಿಸಬೇಕು. ಊರಿಗೆ ಮರಳಿದ ದಿನ ಅಕ್ಷರ ಗೊತ್ತಿರುವ ಮಗು ಅರ್ಧ ಗೆದ್ದ ಹಾಗೆ.

ಹೆಜ್ಜೆ 9: ಮಧ್ಯದಲ್ಲಿ ಊರಿಗೆ ಮರಳುವುದಾದರೆ

ಮರಳುವ ಅಂದಾಜಿದ್ದರೆ 9ನೇ ತರಗತಿ ಶುರುವಾಗುವ ಹೊತ್ತಿಗೆ ಮರಳಿ, ಇಲ್ಲವೇ 10 ಮುಗಿಸಿ 11ಕ್ಕೆ ಸೇರುವ ಹಾಗೆ ಮರಳಿ. ಸಿಬಿಎಸ್‌ಇಯಲ್ಲಿ 9-10 ಒಂದು ಜೋಡಿ, 11-12 ಇನ್ನೊಂದು ಜೋಡಿ. ನೇರವಾಗಿ 10ಕ್ಕೆ ಅಥವಾ 12ಕ್ಕೆ ಹೊರಗಿನ ಪಠ್ಯದಿಂದ ಬಂದು ಸೇರುವುದು ಸುಲಭವಲ್ಲ. ಕರ್ನಾಟಕ ಸಿಇಟಿಯ ಸರ್ಕಾರಿ ಸೀಟಿನ ಆಸೆ ಇದ್ದವರು ರಾಜ್ಯದಲ್ಲಿ ಏಳು ವರ್ಷ ಓದಿರಬೇಕೆಂಬ ಮುಖ್ಯ ನಿಯಮವನ್ನೂ, ಸಿಇಟಿ ನಡೆಸುವ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ (ಕೆಇಎ) ಕೈಪಿಡಿಯಲ್ಲಿರುವ ಉಳಿದ ಷರತ್ತುಗಳನ್ನೂ ಮೊದಲೇ ಓದಿಕೊಳ್ಳಿ.

ಹೆಜ್ಜೆ 10: ಕಾಗದಪತ್ರ

ಊರು ಬಿಡುವ ಮುಂಚೆ ಶಾಲೆಯ ಟಿಸಿ ತೆಗೆದುಕೊಳ್ಳಿ, ಅದಕ್ಕೆ ಯಾವ ಯಾವ ಅಟೆಸ್ಟೇಷನ್ ಬೇಕೆಂದು ಸೇರಲಿರುವ ಶಾಲೆಯ ರಿಜಿಸ್ಟ್ರಾರ್‌ಗೆ ಮೇಲ್ ಮಾಡಿ ಕೇಳಿ. ದುಬೈಗೆ ಬಂದ ಮೇಲೆ ಅದನ್ನು ಮಾಡಿಸುವುದು ಭಾರೀ ಓಡಾಟದ ಕೆಲಸ. ಎರಡು ವರ್ಷದ ಮಾರ್ಕ್ಸ್ ಕಾರ್ಡ್, ಲಸಿಕೆ ದಾಖಲೆ, ಜನನ ಪ್ರಮಾಣಪತ್ರ ಜೊತೆಗಿರಲಿ. ಶಾಲೆ ಸೇರುವಾಗ ಸಹಿ ಹಾಕುವ ಪೋಷಕರ ಒಪ್ಪಂದದಲ್ಲಿ, ಮಧ್ಯದಲ್ಲಿ ಬಿಟ್ಟರೆ ಎಷ್ಟು ಶುಲ್ಕ ವಾಪಸ್ ಎಂಬ ಭಾಗವನ್ನು ಓದದೆ ಸಹಿ ಹಾಕಬೇಡಿ.

9ನೇ ತರಗತಿಯಿಂದ ಒಂದು ಫೈಲ್ ಮಾಡಿ. ಪ್ರತಿ ವರ್ಷದ ರಿಪೋರ್ಟ್ ಕಾರ್ಡ್, ಪ್ರತಿ ಕೋರ್ಸಿನಲ್ಲಿ ಏನೇನು ಕಲಿಸಿದರು ಎಂಬ ಒಂದು ಪುಟದ ವಿವರಣೆ, ಶಾಲೆಯ ಆ ವರ್ಷದ ಮಾನ್ಯತಾ ಪತ್ರ ಎಲ್ಲವೂ ಅದರಲ್ಲಿರಲಿ. ಭಾರತದ ಕಾಲೇಜುಗಳು ಶೇಕಡಾವಾರು ಅಂಕ ಕೇಳುತ್ತವೆ, ಅಮೆರಿಕನ್ ಶಾಲೆ ಕೊಡುವುದು ಜಿಪಿಎ, ಅಂದರೆ ಗ್ರೇಡುಗಳ ಸರಾಸರಿ. ಹಾಗಾಗಿ ಜಿಪಿಎಯನ್ನು ಶೇಕಡಾಕ್ಕೆ ಹೇಗೆ ಲೆಕ್ಕ ಹಾಕಬೇಕೆಂಬ ಪತ್ರವನ್ನು ಮಗು ಶಾಲೆಯಲ್ಲಿರುವಾಗಲೇ ಮೊಹರು ಹಾಕಿಸಿ ತೆಗೆದಿಟ್ಟುಕೊಳ್ಳಿ. ರಜೆಯಲ್ಲಿ ಕಚೇರಿ ಮುಚ್ಚಿರುತ್ತದೆ, ಭಾರತದ ಪ್ರವೇಶ ಪ್ರಕ್ರಿಯೆ ನಡೆಯುವುದು ಸರಿಯಾಗಿ ಆ ಜೂನ್-ಜುಲೈನಲ್ಲೇ.